ಎಂಜಿನ್ ಆಯಿಲ್ ತಾನಾಗಿಯೇ ಜಾಸ್ತಿಯಾಗಿದೆಯೇ? ಪೆಟ್ರೋಲ್ ಬೆರಕೆ ಪತ್ತೆ ಮಾಡುವ ಬಗೆ

ಎಂಜಿನ್ ಆಯಿಲ್ ಕಡಿಮೆಯಾದರೆ ಎಲ್ಲರಿಗೂ ಗಾಬರಿಯಾಗುತ್ತದೆ. ಜಾಸ್ತಿಯಾದರೆ ಯಾರಿಗೂ ಆಗುವುದಿಲ್ಲ. ನನಗೂ ಆಗಿರಲಿಲ್ಲ.

ನಮ್ಮಪ್ಪನ ಕಾಲದ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬೈಕ್ ಒಂದು ನನ್ನ ಬಳಿ ಇದೆ. ಒಂದು ದೀಪಾವಳಿಗೆ ಅದನ್ನು ಬೆಂಗಳೂರಿನ ಮನೆಯ ಕೆಳಗೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಊರಿಗೆ ಹೋಗಿದ್ದೆ. ಹನ್ನೊಂದು ದಿನ ಬಿಟ್ಟು ಬಂದು ಕಿಕ್ಕರ್ ಒತ್ತಿದರೆ ಅದು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಜೋರಾಗಿ ತುಳಿಯಲಿಲ್ಲ, ಅದೊಂದು ಪುಣ್ಯ. ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅವರು ಪ್ಲಗ್ ಬಿಚ್ಚಿದರು, ಒರೆಸಿದರು, ಆಯಿಲ್ ಬದಲಿಸಿದರು, ದುಡ್ಡು ತೆಗೆದುಕೊಂಡರು. ಬೈಕ್ ಸ್ಟಾರ್ಟ್ ಆಯಿತು. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಇದು: "ಸರ್, ಹೋದ್ಸಲ ಇಳಿಸಿದ್ರಲ್ಲ, ಆ ಹಳೇ ಆಯಿಲ್ ಏನ್ ಮಾಡಿದ್ರು?"

"ಚೆಲ್ಲಿರಬೇಕು."

"ಅದನ್ನ ಮೂಸಿ ನೋಡಿದ್ರೆ ಅರ್ಧ ಕೆಲ್ಸ ಅಲ್ಲೇ ಮುಗೀತಿತ್ತಲ್ಲ ಸರ್."

ಈ ಲೇಖನದ ತಿರುಳು ಇಷ್ಟೇ. ಆಯಿಲ್ ಬದಲಿಸಿದ್ದರಿಂದ ನನ್ನ ಬೈಕಿನ ಕಾಯಿಲೆ ಹೋಗಿರಲಿಲ್ಲ, ಸಾಕ್ಷಿ ಹೋಗಿತ್ತು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಪೆಟ್ರೋಲ್ ಬಂದ ದಾರಿ ಹುಡುಕುವುದು, ಕೊನೆಗೆ ಹೊಸ ಆಯಿಲ್. ಈ ಸಾಲು ತಪ್ಪಿದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಸ್ವಲ್ಪ ಪೆಟ್ರೋಲ್‌ಗೆ ಇಷ್ಟೊಂದು ತಲೆಬಿಸಿ ಯಾಕೆ?

ಪೆಟ್ರೋಲ್ ನೀರಿಗಿಂತ ತೆಳು. ಎಂಜಿನ್ ಆಯಿಲ್‌ನ ಕೆಲಸವೆಲ್ಲ ಅದರ ದಪ್ಪದ ಮೇಲೆ ನಿಂತಿದೆ. ಡಬ್ಬದ ಮೇಲೆ 20ಡಬ್ಲ್ಯೂ-40 ಎಂದಿದ್ದರೆ, ಆ 40 ಬಿಸಿ ಎಂಜಿನ್‌ನಲ್ಲಿನ ದಪ್ಪವನ್ನು ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕಡೇ ಪಕ್ಷ 12.5 ಸೆಂಟಿಸ್ಟೋಕ್ (ದ್ರವದ ದಪ್ಪ ಅಳೆಯುವ ಮಾನ) ಇರಬೇಕು. ಅದಕ್ಕಿಂತ ಇಳಿದರೆ 30ರ ದರ್ಜೆ. 9.3ಕ್ಕಿಂತ ಇಳಿದರೆ 20ರ ದರ್ಜೆ. ನೂರಕ್ಕೆ ಐದು ಪಾಲು ಪೆಟ್ರೋಲ್ ಸೇರಿದರೂ ಆಯಿಲ್ ಒಂದು ದರ್ಜೆ ಕೆಳಗೆ ಜಾರಬಹುದು. ಆಗ ಬೇರಿಂಗ್ ಮತ್ತು ಕ್ಯಾಮ್‌ಗಳ ಮೇಲೆ ನಿಲ್ಲಬೇಕಾದ ಪದರ ತೆಳ್ಳಗಾಗುತ್ತದೆ. ಸಿಲಿಂಡರಿನ ಒಳಗೋಡೆಯ ಮೇಲಿದ್ದ ಆಯಿಲನ್ನು ಪೆಟ್ರೋಲ್ ತೊಳೆದುಬಿಡುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಒಣಗಿ ಉಜ್ಜುತ್ತದೆ.

ಬೈಕಿನಲ್ಲಿ ಇದು ಇನ್ನೂ ಬೇಗ. ಸಣ್ಣ ಬೈಕಿಗೆ ಹಿಡಿಸುವುದೇ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್. 900 ಮಿ.ಲೀ. ಆಯಿಲ್‌ಗೆ 100 ಮಿ.ಲೀ. ಪೆಟ್ರೋಲ್ ಸೇರಿದರೆ ನೂರಕ್ಕೆ ಹತ್ತು ಪಾಲಾಯಿತು. ಒಂದು ಚಹಾ ಲೋಟದಷ್ಟು ಸಾಕು. ಮೂರೂವರೆ ಲೀಟರ್ ಹಿಡಿಸುವ ಕಾರಿನಲ್ಲಿ ಅದೇ ಲೋಟ ನೂರಕ್ಕೆ ಮೂರೂ ಆಗುವುದಿಲ್ಲ.

ಶುರು ಮಾಡುವ ಮುಂಚೆ

ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದು ಪೆಟ್ರೋಲ್ ವಾಸನೆಯೂ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕಿಕ್ಕರ್ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ, ಸೆಲ್ಫ್ ಕೂಡ ಒತ್ತಬೇಡಿ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದ್ದರೆ ಅದನ್ನು ಪಿಸ್ಟನ್ ಒತ್ತಲಾರದು. ಗಾಳಿಯ ಹಾಗೆ ದ್ರವ ಕುಗ್ಗುವುದಿಲ್ಲ. ಅಲ್ಲಿ ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೆಲಸವನ್ನು ಬಯಲಲ್ಲಿ, ನೆರಳಲ್ಲಿ ಮಾಡಿ. ಬೇಸ್‌ಮೆಂಟ್ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ತಗ್ಗಿನಲ್ಲಿ ಕೂರುತ್ತದೆ. ಕಾಗದವನ್ನು ಆಯಿಲ್‌ನಲ್ಲಿ ಅದ್ದಿ ಕಡ್ಡಿ ಗೀರಿ ನೋಡುವ ಒಂದು "ಟೆಸ್ಟ್" ಕೆಲವು ಕಡೆ ನಡೆಯುತ್ತದೆ. ನಾನೂ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ಹೆಜ್ಜೆ 1: ಮಟ್ಟ ನೋಡುವುದು

ತಣ್ಣಗಿನ ಎಂಜಿನ್, ಸಮತಟ್ಟಾದ ನೆಲ, ಬೈಕಾದರೆ ಡಬಲ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡ್‌ನಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಗೆರೆಯ ಕಡ್ಡಿ) ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಿ. ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಎಷ್ಟೋ ಬೈಕುಗಳಲ್ಲಿ ಡಿಪ್‌ಸ್ಟಿಕ್ಕನ್ನು ತಿರುಪದೆ ಸುಮ್ನೆ ಕೂರಿಸಿ ಅಳೆಯಬೇಕು. ಕೆಲವದರಲ್ಲಿ ಪೂರ್ತಿ ತಿರುಪಬೇಕು. ಎರಡಕ್ಕೂ ಒಂದು ಸೆಂಟಿಮೀಟರ್ ತನಕ ವ್ಯತ್ಯಾಸ ಬರಬಹುದು. ನಿಮ್ಮ ಗಾಡಿಯದು ಯಾವ ಬಗೆ ಎಂದು ಮ್ಯಾನುಯಲ್‌ನಲ್ಲಿ ಇರುತ್ತದೆ.

ಮಟ್ಟ ಜಾಸ್ತಿ ಕಂಡ ತಕ್ಷಣ ಪೆಟ್ರೋಲ್ ಮೇಲೆ ಅಪವಾದ ಹೊರಿಸಬೇಡಿ. ಬಹಳ ಸಲ ತಪ್ಪು ಸರ್ವಿಸ್ ಮಾಡಿದವರದು. 800 ಮಿ.ಲೀ. ಹಿಡಿಸುವ ಗಾಡಿಗೆ ಒಂದು ಲೀಟರ್ ಡಬ್ಬ ಪೂರ್ತಿ ಸುರಿದಿರುತ್ತಾರೆ. "ಉಳಿದದ್ದು ಏನ್ ಮಾಡೋದು ಸರ್, ಇರ್ಲಿ ಬಿಡಿ" ಎಂಬ ಮಾತು ನೀವೂ ಕೇಳಿರಬಹುದು. ಹಾಗಾಗಿ ಇವತ್ತಿನ ಮಟ್ಟ ಒಂದರಿಂದ ಏನೂ ಗೊತ್ತಾಗುವುದಿಲ್ಲ. ಏರಿದೆಯೇ ಎಂಬುದು ಮುಖ್ಯ. ಇವತ್ತು ಡಿಪ್‌ಸ್ಟಿಕ್‌ನ ಫೋಟೋ ತೆಗೆದು, ಕಿಲೋಮೀಟರ್ ಬರೆದಿಡಿ. ವಾಸನೆ ಇಲ್ಲದಿದ್ದರೆ, ಹೆಚ್ಚಿಗೆ ಇರುವಷ್ಟನ್ನು ತೆಗೆದು, ವಾರ ಬಿಟ್ಟು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ನೋಡಿ. ಎಂಜಿನ್ ಆಯಿಲನ್ನು ಹುಟ್ಟಿಸುವುದಿಲ್ಲ. ಏರಿದ್ದರೆ ಹೊರಗಿನಿಂದ ಏನೋ ಬಂದಿದೆ.

ಇನ್ನೊಂದು ಮಾತು. ಆಯಿಲ್ ಸುಡುವ ಹಳೆಯ ಎಂಜಿನ್‌ನಲ್ಲಿ ಮಟ್ಟ ಏರದೇ ಇದ್ದರೂ ಬೆರಕೆ ಇರಬಹುದು. ಒಂದು ಕಡೆ ಆಯಿಲ್ ಸುಡುತ್ತದೆ, ಇನ್ನೊಂದು ಕಡೆ ಪೆಟ್ರೋಲ್ ಸೇರುತ್ತದೆ, ಗೆರೆ ಅಲ್ಲೇ ನಿಲ್ಲುತ್ತದೆ. "ನಮ್ಮ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ" ಎಂದು ಬೀಗುವ ಹಳೆ ಗಾಡಿಯವರನ್ನು ಕಂಡರೆ ನನಗೆ ಈಗ ಸ್ವಲ್ಪ ಅನುಮಾನ.

ಹೆಜ್ಜೆ 2: ಮೂಗಿಗೆ ಕೆಲಸ

ಡ್ರೈನ್ ಬೋಲ್ಟ್ ಪೂರ್ತಿ ಬಿಚ್ಚಬೇಡಿ. ಮೊದಲಿಗೆ ಅರ್ಧ ಲೋಟದಷ್ಟು ಆಯಿಲ್ ಸಾಕು. ಡಿಪ್‌ಸ್ಟಿಕ್ ತೂತಿನಿಂದ ಸಿರಿಂಜ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಎಳೆಯಬಹುದು. ಮುಚ್ಚಳ ಇರುವ ಗಾಜಿನ ಬಾಟಲಿಗೆ ಹಾಕಿ, ತಾರೀಕು ಬರೆದು ಚೀಟಿ ಅಂಟಿಸಿ.

ಓಡಿದ ಆಯಿಲ್ ಯಾವಾಗಲೂ ಸ್ವಲ್ಪ ಪೆಟ್ರೋಲ್ ಘಾಟು ಹೊಡೆಯುತ್ತದೆ. ಅದು ಸಹಜ. ಅದಕ್ಕೇ ಮೂಸುವಾಗ ಹೋಲಿಕೆಗೆ ಇನ್ನೊಂದು ಬೇಕು. ನಾನು ಮಾಡಿದ್ದು ಹೀಗೆ. ಅದೇ ಕಂಪನಿಯ ಹೊಸ ಆಯಿಲ್ ಒಂದು ಬಾಟಲಿಗೆ ಹಾಕಿದೆ. ಎರಡನೆಯದಕ್ಕೆ 19 ಮಿ.ಲೀ. ಹೊಸ ಆಯಿಲ್, 1 ಮಿ.ಲೀ. ಪೆಟ್ರೋಲ್ ಹಾಕಿ ಕಲಕಿದೆ. ಇದು ನೂರಕ್ಕೆ ಐದು ಪಾಲಿನ ನಮೂನೆ. ಮೂರನೆಯದು ಗಾಡಿಯ ಆಯಿಲ್. ಮೂರಕ್ಕೂ ಮುಚ್ಚಳ ಹಾಕಿ, ಗೀಸರ್‌ನ ಬಿಸಿನೀರು ತುಂಬಿದ ಬಕೆಟ್‌ನಲ್ಲಿ ಹತ್ತು ನಿಮಿಷ ಇಟ್ಟೆ. ಬಕೆಟ್ ಹೊರಗೆ, ಅಂಗಳದಲ್ಲಿ. ಆಮೇಲೆ ಮುಚ್ಚಳ ತೆಗೆದು ಒಂದೊಂದನ್ನೇ ದೂರದಿಂದ ಕೈ ಬೀಸಿ ಮೂಸಿದೆ.

ಮೂಗು ಬೇಗ ಮೋಸ ಹೋಗುತ್ತದೆ. ಎರಡು ಸಲ ಮೂಸಿದ ಮೇಲೆ ಎಲ್ಲವೂ ಒಂದೇ. ನಡುವೆ ಎದ್ದು ಹೋಗಿ ಗಾಳಿ ಕುಡಿದು ಬನ್ನಿ. ಗಾಡಿ ಮುಟ್ಟದ ಮನೆಯವರನ್ನು ಕರೆದು, ಯಾವುದು ಏನು ಎಂದು ಹೇಳದೆ ಮೂಸಲು ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮನೆಯಲ್ಲಿ ಅಮ್ಮನ ಮೂಗು ನನ್ನದಕ್ಕಿಂತ ಚುರುಕು. ಅವರು ಮೂರನೆಯ ಬಾಟಲಿ ಹಿಡಿದವರೇ "ಇದು ಬಂಕ್‌ನಿಂದ ಈಗ ತಂದದ್ದಾ?" ಎಂದರು.

ಹೆಜ್ಜೆ 3: ಸಿರಿಂಜ್ ಓಟ

ವಾಸನೆ ಇದೆ ಎಂದರೆ ಪೆಟ್ರೋಲ್ ಇದೆ. ಆಯಿಲ್ ಎಷ್ಟು ತೆಳುವಾಗಿದೆ ಎಂಬುದು ಬೇರೆ ಪ್ರಶ್ನೆ. ಎರಡು ಬೆರಳ ನಡುವೆ ಉಜ್ಜಿ "ತೆಳ್ಳಗಿದೆ" ಎನ್ನುವುದು ಮೂವತ್ತು ವರ್ಷ ಕೈ ಪಳಗಿದ ಮೆಕ್ಯಾನಿಕ್‌ಗೆ ಸರಿ. ನಮಗೆ ಗಡಿಯಾರ ಬೇಕು.

ಮೆಡಿಕಲ್ ಶಾಪ್‌ನಿಂದ 10 ಮಿ.ಲೀ. ಸಿರಿಂಜ್ ತನ್ನಿ. ಸೂಜಿ ಬೇಡ. ಹಿಂದಿನ ಒತ್ತುಕಡ್ಡಿ ತೆಗೆದುಬಿಡಿ. ಮೂತಿಯನ್ನು ಬೆರಳಿಂದ ಮುಚ್ಚಿ 10ರ ಗೆರೆಯವರೆಗೆ ಆಯಿಲ್ ತುಂಬಿ, ನೆಟ್ಟಗೆ ಹಿಡಿದು ಬೆರಳು ತೆಗೆಯಿರಿ. ಮಟ್ಟ 10ರಿಂದ 2ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ಮೊಬೈಲ್‌ನಲ್ಲಿ ನೋಡಿ. ಮೊದಲು ಹೊಸ ಆಯಿಲ್, ಆಮೇಲೆ ನಿಮ್ಮ ಐದು ಪಾಲಿನ ನಮೂನೆ, ಕೊನೆಗೆ ಗಾಡಿಯ ಆಯಿಲ್. ಮೂರಕ್ಕೂ ಒಂದೇ ಸಿರಿಂಜ್. ಪ್ರತಿಯೊಂದನ್ನೂ ಮೂರು ಸಲ.

ಒಂದು ಷರತ್ತು. ಮೂರು ಬಾಟಲಿಯೂ ಒಂದೇ ಬಿಸಿಯಲ್ಲಿರಬೇಕು. ವಾಸನೆ ಪರೀಕ್ಷೆ ಮುಗಿದ ಮೇಲೆ ಮುಚ್ಚಳ ಹಾಕಿ, ಸಾದಾ ನೀರಿನ ಬಕೆಟ್‌ನಲ್ಲಿ ಒಂದು ಗಂಟೆ ಒಟ್ಟಿಗೆ ಇಡಿ. ಐದಾರು ಡಿಗ್ರಿ ವ್ಯತ್ಯಾಸವಿದ್ದರೂ ಲೆಕ್ಕ ತಪ್ಪುತ್ತದೆ.

ಗಾಡಿಯ ಆಯಿಲ್ ನಿಮ್ಮ ನಮೂನೆಗಿಂತಲೂ ಬೇಗ ಓಡಿ, ಜೊತೆಗೆ ವಾಸನೆಯೂ ಇದ್ದರೆ ಅನುಮಾನ ಗಟ್ಟಿ. ಹೊಸ ಆಯಿಲ್‌ಗಿಂತ ಸ್ವಲ್ಪ ಬೇಗ ಓಡಿದರೆ ಹೆದರಬೇಡಿ. ಬೈಕಿನಲ್ಲಿ ಒಂದೇ ಆಯಿಲ್ ಎಂಜಿನ್‌ಗೂ ಗಿಯರ್‌ಗೂ ಕ್ಲಚ್‌ಗೂ ದುಡಿಯುತ್ತದೆ. ಗಿಯರ್ ಹಲ್ಲುಗಳು ಅದನ್ನು ಅರೆದು ಅರೆದು ಪೆಟ್ರೋಲ್ ಇಲ್ಲದೆಯೂ ತೆಳ್ಳಗೆ ಮಾಡುತ್ತವೆ. ಹಾಗೆಯೇ ಬಹಳ ದಿನ ಓಡಿದ ಆಯಿಲ್ ಮಸಿಯಿಂದ ದಪ್ಪಗಾಗಿ ಬೆರಕೆಯನ್ನು ಮುಚ್ಚಿಡಲೂಬಹುದು. ಅದಕ್ಕೇ ಮಟ್ಟ, ವಾಸನೆ, ಓಟ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ತೀರ್ಮಾನ.

ಕಾಗದದ ಮೇಲೆ ಒಂದು ಹನಿ ಬಿಟ್ಟು ಉಂಗುರ ನೋಡುವ ವಿಧಾನವೂ ಇದೆ. ನಡುವೆ ಕಪ್ಪು, ಸುತ್ತ ಕಂದು, ಹೊರಗೆ ತಿಳಿಯಾದ ಅಗಲ ಉಂಗುರ ಬಂದರೆ ಪೆಟ್ರೋಲ್ ಎನ್ನುತ್ತಾರೆ. ಮಸಿ, ಕೊಳೆ ನೋಡಲು ಅದು ಚೆನ್ನ. ಪೆಟ್ರೋಲ್ ವಿಷಯದಲ್ಲಿ ನಾನು ಅದನ್ನು ನಂಬಲಾರೆ.

ದುಬಾರಿ ಕಾರಾಗಿದ್ದು ವಾರಂಟಿ ಜಗಳ ಇದ್ದರೆ ಲ್ಯಾಬ್‌ಗೆ ಕಳಿಸಿ. ಅಲ್ಲಿ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಪೆಟ್ರೋಲ್ ಪಾಲನ್ನೇ ಅಳೆಯುತ್ತಾರೆ. ಆವಿ ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದೂ ನೋಡುತ್ತಾರೆ. ಒಳ್ಳೆಯ ಆಯಿಲ್‌ನಲ್ಲಿ ಅದು ಸಾಮಾನ್ಯವಾಗಿ 200 ಡಿಗ್ರಿಗಿಂತ ಮೇಲೆ, ಪೆಟ್ರೋಲ್ ಸೇರಿದರೆ ಧಡಕ್ಕನೆ ಇಳಿಯುತ್ತದೆ. ನೂರಕ್ಕೆ ಎರಡು ದಾಟಿದರೆ ಎಚ್ಚರಿಕೆ, ಐದು ದಾಟಿದರೆ ಗಂಭೀರ ಎಂಬುದು ಲ್ಯಾಬ್‌ಗಳಲ್ಲಿ ಸಾಮಾನ್ಯ ಲೆಕ್ಕ. ಸಣ್ಣ ಬೈಕಿಗೆ ಇದೆಲ್ಲ ಬೇಡ. ಆಯಿಲ್‌ಗಿಂತ ಪರೀಕ್ಷೆಯೇ ದುಬಾರಿ.

ಪೆಟ್ರೋಲ್ ಅಲ್ಲದಿದ್ದರೆ?

ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದು ನೀರು ಅಥವಾ ಕೂಲೆಂಟ್. ಪೆಟ್ರೋಲ್ ಆಯಿಲ್‌ನಲ್ಲಿ ಪೂರ್ತಿ ಕರಗುತ್ತದೆ, ಬಣ್ಣ ಕೆಡಿಸುವುದಿಲ್ಲ. ಆದರೆ ಮುಚ್ಚಳದ ಒಳಗೆ ಮಾತ್ರ ಬೆಣ್ಣೆಯಂಥದ್ದು ಅಂಟಿದ್ದು ಡಿಪ್‌ಸ್ಟಿಕ್ ತಿಳಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ತಲೆಭಾಗದ ಕೆಳಗೆ ಸೋರದಂತೆ ಹಾಕುವ ಪದರ) ಹೋಯಿತೆಂದು ಕೂಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡಿಸುವ ಗಾಡಿಯಲ್ಲಿ ಇದು ಮಾಮೂಲಿ. ಎಂಜಿನ್ ಬಿಸಿಯಾಗುವ ಮುಂಚೆಯೇ ನಿಲ್ಲುತ್ತದೆ, ಒಳಗಿನ ತೇವ ಅಲ್ಲೇ ಕೂರುತ್ತದೆ.

ಡೀಸೆಲ್ ಕಾರಿನವರಿಗೆ ಒಂದು ಸಾಲು. ಬಿಎಸ್6 (ಈಗಿನ ಹೊಗೆ ನಿಯಮ) ಡೀಸೆಲ್‌ನಲ್ಲಿ ಹೊಗೆ ಫಿಲ್ಟರ್‌ನ ಮಸಿ ಸುಡಲು ಎಷ್ಟೋ ಎಂಜಿನ್‌ಗಳು ಹೆಚ್ಚಿಗೆ ಡೀಸೆಲ್ ಚಿಮುಕಿಸುತ್ತವೆ. ಆ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಆಯಿಲ್‌ಗೆ ಇಳಿದು ಮಟ್ಟ ಏರುತ್ತದೆ. ಅದಕ್ಕೆ ಮದ್ದು ಬೇರೆ.

ಹೆಜ್ಜೆ 4: ಪೆಟ್ರೋಲ್ ಬಂದ ದಾರಿ, ಕಾರ್ಬೊರೇಟರ್ ಗಾಡಿಯಲ್ಲಿ

2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬೊರೇಟರ್ ಹೆಚ್ಚುಕಡಿಮೆ ಹೋಯಿತು. ಆದರೆ ರಸ್ತೆಯಲ್ಲಿ ಇನ್ನೂ ಲಕ್ಷಗಟ್ಟಲೆ ಇವೆ, ನನ್ನದೂ ಒಂದು.

ಇಲ್ಲಿ ಟ್ಯಾಂಕ್ ಮೇಲೆ, ಕಾರ್ಬೊರೇಟರ್ ಕೆಳಗೆ. ಪೆಟ್ರೋಲ್ ತನ್ನ ಪಾಡಿಗೆ ತಾನು ಇಳಿಯುತ್ತದೆ. ಅದನ್ನು ತಡೆಯುವುದು ಎರಡೇ. ಒಂದು, ನೀವು ತಿರುಗಿಸುವ ಪೆಟ್ರೋಲ್ ಕಾಕ್. ಎರಡು, ಬೌಲ್‌ನೊಳಗೆ (ಕಾರ್ಬೊರೇಟರ್‌ನ ಕೆಳಗಿನ ಪೆಟ್ರೋಲ್ ಬಟ್ಟಲು) ತೇಲುವ ಫ್ಲೋಟ್ ಮತ್ತು ಅದು ಮೇಲೆ ಒತ್ತುವ ಫ್ಲೋಟ್ ಪಿನ್. ಪಿನ್ನಿನ ತುದಿ ಸರಿಯಾಗಿ ಕೂರದಿದ್ದರೆ ಬೌಲ್ ತುಂಬಿ ಉಕ್ಕುತ್ತದೆ. ಉಕ್ಕಿದ್ದು ಓವರ್‌ಫ್ಲೋ ಪೈಪ್‌ನಿಂದ ನೆಲಕ್ಕೆ ಬೀಳಬೇಕು. ಆ ಪೈಪ್ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಇನ್‌ಟೇಕ್ ಕಡೆಗೆ ಹೋಗುತ್ತದೆ. ಅಲ್ಲಿಂದ ತೆರೆದಿರುವ ವಾಲ್ವ್, ಸಿಲಿಂಡರ್, ರಿಂಗ್‌ನ ಸಂದಿ, ಕೊನೆಗೆ ಆಯಿಲ್ ಚೇಂಬರ್.

ಪರೀಕ್ಷೆ ಹೀಗೆ. ಎಂಜಿನ್ ಆಫ್, ಡಬಲ್ ಸ್ಟ್ಯಾಂಡ್. ಓವರ್‌ಫ್ಲೋ ಪೈಪ್‌ನ ತುದಿಗೆ ಒಂದು ಬಾಟಲಿ ಇಡಿ. ಕಾಕ್ ಆನ್ ಮಾಡಿ ಕಾಲು ಗಂಟೆ ಕಾಯಿರಿ. ಒಂದು ಹನಿಯೂ ಬೀಳಬಾರದು. ಈಗ ಸೈಡ್ ಸ್ಟ್ಯಾಂಡ್‌ಗೆ ಇಳಿಸಿ ಇನ್ನೊಂದು ಕಾಲು ಗಂಟೆ. ನೀವು ದಿನಾ ನಿಲ್ಲಿಸುವುದು ಹಾಗೆಯೇ ತಾನೆ? ಓರೆಯಾದಾಗ ಫ್ಲೋಟ್ ಕೂರುವ ರೀತಿ ಬದಲಾಗುತ್ತದೆ. ನೆಟ್ಟಗಿದ್ದಾಗ ಸರಿಯಿದ್ದು ವಾಲಿದಾಗ ಸೋರುವ ಪಿನ್‌ಗಳಿವೆ.

ಹನಿ ಬೀಳಲಿಲ್ಲ ಎಂದರೆ ಎಲ್ಲ ಸರಿ ಎಂದಲ್ಲ, ಪೈಪೇ ಕಟ್ಟಿರಬಹುದು. ಬೌಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಇರುವಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದನ್ನು ಕಾರ್ಬೊರೇಟರ್ ಪಕ್ಕಕ್ಕೆ ಮೇಲೆತ್ತಿ ಹಿಡಿದು, ಸ್ಕ್ರೂ ಸಡಿಲಿಸಿ. ಬೌಲ್‌ನೊಳಗೆ ಎಷ್ಟಿದೆಯೋ ಪೈಪ್‌ನಲ್ಲೂ ಅಷ್ಟೇ ಕಾಣುತ್ತದೆ. ಸಾಮಾನ್ಯವಾಗಿ ಬೌಲ್ ಮೇಲ್ಭಾಗಕ್ಕೆ ಸೇರುವ ಗೆರೆಯ ಹತ್ತಿರ, ಸ್ವಲ್ಪ ಕೆಳಗೆ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ಪಿನ್ ಹಿಡಿಯುತ್ತಿಲ್ಲ.

ನನ್ನ ಬೈಕಿನಲ್ಲಿ ಎರಡೂ ಒಟ್ಟಿಗೆ ಆಗಿತ್ತು. ಫ್ಲೋಟ್ ಪಿನ್ನಿನ ರಬ್ಬರ್ ತುದಿಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಉಂಗುರ ಬಿದ್ದಿತ್ತು. ಓವರ್‌ಫ್ಲೋ ಪೈಪ್‌ನೊಳಗೆ ಕೆಂಪು ಮಣ್ಣು. ಮಣ್ಣಿನ ಗೂಡು ಕಟ್ಟುವ ಕಡಜ ಅಲ್ಲಿ ಸಂಸಾರ ಹೂಡಿತ್ತು. ಪಿನ್ ಮಾತ್ರ ಕೆಟ್ಟಿದ್ದರೆ ನೆಲದ ಮೇಲೆ ಪೆಟ್ರೋಲ್ ಕಂಡು ಅವತ್ತೇ ಗೊತ್ತಾಗುತ್ತಿತ್ತು. ಕಡಜದ ದೆಸೆಯಿಂದ ಎಲ್ಲ ಒಳಕ್ಕೇ ಹೋಯಿತು. "ವಾಸನೆ ಬರುತ್ತೆ" ಎಂದು ಈ ಪೈಪನ್ನು ಮಡಚಿ ಕಟ್ಟುವವರೂ ಇದ್ದಾರೆ, ಹಾಗೆ ಮಾಡಲೇಬಾರದು.

ಕಾರ್ಬೊರೇಟರ್ ಬಿಚ್ಚಿದ ಮೇಲೆ ನೋಡಬೇಕಾದ್ದು:

ಪಿನ್ ಕೂರುವ ಜಾಗದಲ್ಲಿ ತುಕ್ಕಿನ ಪುಡಿ ಇದೆಯೇ? ಇದ್ದರೆ ಟ್ಯಾಂಕ್ ತೊಳೆಸದೆ ಹೊಸ ಪಿನ್ ಹಾಕಿ ಪ್ರಯೋಜನವಿಲ್ಲ.

ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ. ಅನುಮಾನವಿದ್ದರೆ ಒರೆಸಿ ಒಣಗಿಸಿ ಬಿಸಿನೀರಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ತೂತು ಅಲ್ಲೇ.

ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದರೆ ಫ್ಲೋಟ್‌ನ ತೂಕಕ್ಕೆ ಪಿನ್ ಮುಚ್ಚುತ್ತದೆ. ಪೆಟ್ರೋಲ್ ಬರುವ ಮೂತಿಗೆ ಶುದ್ಧ ಪೈಪ್ ಹಾಕಿ ಬಾಯಿಂದ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ಊದಬೇಕು ಅಷ್ಟೇ, ಎಳೆಯಬಾರದು.

ಕೆಲವು ಗಾಡಿಗಳಲ್ಲಿ ಎಂಜಿನ್‌ನ ಎಳೆತದಿಂದ ತೆರೆಯುವ ಕಾಕ್ ಇರುತ್ತದೆ. ಅದರಿಂದ ಇನ್‌ಟೇಕ್‌ಗೆ ಹೋಗುವ ಸಣ್ಣ ಪೈಪ್ ಬಿಚ್ಚಿ ನೋಡಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ಕಾಕ್‌ನೊಳಗಿನ ರಬ್ಬರ್ ಪರದೆ ಹರಿದಿದೆ. ಈ ದಾರಿಯಲ್ಲಿ ಕಾರ್ಬೊರೇಟರ್ ಎಷ್ಟೇ ಸರಿಯಿದ್ದರೂ ಪೆಟ್ರೋಲ್ ನೇರ ಎಂಜಿನ್‌ಗೆ.

ಚೋಕ್ ಅರ್ಧಕ್ಕೆ ಸಿಕ್ಕಿಕೊಂಡಿರುವುದು, ಕಿಡಿ ಇಲ್ಲದ ಪ್ಲಗ್ ಇಟ್ಟುಕೊಂಡು ಐವತ್ತು ಕಿಕ್ ಹೊಡೆಯುವುದು, ಇವೂ ಕಾರಣಗಳೇ. ಪ್ಲಗ್ ಬಿಚ್ಚಿದಾಗ ಒಣ ಕಪ್ಪು ಮಸಿ ಇದ್ದರೆ ಚೋಕ್ ಕಡೆ ನೋಡಿ.

ಕಾರಿನಲ್ಲಿ

ಹಳೆಯ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಕಾರ್ಬೊರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರು ಮೊದಲು ಎಂಜಿನ್‌ಗೆ ಬೋಲ್ಟ್ ಮಾಡಿರುವ ಪೆಟ್ರೋಲ್ ಪಂಪ್ ನೋಡಬೇಕು. ಅದನ್ನು ಕ್ಯಾಮ್ ಒತ್ತುತ್ತದೆ, ನಡುವೆ ಒಂದು ರಬ್ಬರ್ ಪರದೆ. ಪರದೆಯ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಎಂಜಿನ್. ಹರಿದರೆ ಪೆಟ್ರೋಲ್ ನೇರ ಆಯಿಲ್‌ಗೆ ಇಳಿಯಬಹುದು. ಪಂಪ್ ಬಿಚ್ಚಿ ಎಂಜಿನ್ ಕಡೆಯ ಮುಖ ನೋಡಿ. ಅಲ್ಲಿ ಆಯಿಲ್ ಇರಬೇಕು, ಪೆಟ್ರೋಲ್ ಇರಬಾರದು.

ಇಂಜೆಕ್ಷನ್ ಕಾರಿನಲ್ಲಿ ಮೊದಲ ಅನುಮಾನ ಸೋರುವ ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಮೂತಿ). ಗಾಡಿ ಓಡಿಸಿ ರಾತ್ರಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡದೆ ಎಲ್ಲ ಪ್ಲಗ್ ಬಿಚ್ಚಿ ಸಾಲಾಗಿ ಜೋಡಿಸಿ. ಮೂರು ಒಣಗಿದ್ದು ಒಂದು ಮಾತ್ರ ಒದ್ದೆಯಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಹಿಡಿಯಿರಿ. ಗ್ಯಾರೇಜಿನಲ್ಲಿ ಒತ್ತಡದ ಮೀಟರ್ ಹಾಕಿ, ಎಂಜಿನ್ ಆಫ್ ಮಾಡಿದ ಮೇಲೆ ಮುಳ್ಳು ಬೀಳುತ್ತದೆಯೇ ಎಂದು ನೋಡುತ್ತಾರೆ. ಬಿದ್ದರೂ ಅದು ಇಂಜೆಕ್ಟರ್‌ದೇ ತಪ್ಪು ಎಂದಲ್ಲ. ಟ್ಯಾಂಕ್‌ನೊಳಗಿನ ಪಂಪ್‌ನ ವಾಲ್ವ್‌ನಿಂದ ವಾಪಸ್ ಹೋಗಿರಬಹುದು. ಹಾಗಾಗಿ ಪ್ಲಗ್‌ಗಳ ಸಾಕ್ಷಿಯೂ ಬೇಕು.

ನಮ್ಮಲ್ಲಿ ಮಾತ್ರ ಜಾಸ್ತಿ ಕಾಣುವ ಒಂದು ಕಾರಣ ಹೇಳಲೇಬೇಕು. ಎಂಜಿನ್ ಬಿಸಿಯಾಗುತ್ತದೆ ಎಂದು ದೂರು ಕೊಟ್ಟರೆ ಕೆಲವರು ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಕಿತ್ತೇ ಬಿಡುತ್ತಾರೆ. "ಈ ಕಡೆ ಚಳಿ ಇಲ್ವಲ್ಲ ಸರ್, ಬೇಕಾಗಲ್ಲ." ಆಮೇಲೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಇನ್ನೂ ತಣ್ಣಗಿದೆ ಎಂದುಕೊಂಡ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ತಣ್ಣನೆ ಗೋಡೆಯ ಮೇಲೆ ಅದು ಆವಿಯಾಗದೆ ಕೆಳಗಿಳಿಯುತ್ತದೆ. ಶಾಖದ ಸೆನ್ಸರ್ ಕೆಟ್ಟರೂ ಇದೇ ಗತಿ. ಅದನ್ನು ನೋಡುವುದು ಸುಲಭ. ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಮೊಬೈಲ್‌ನಲ್ಲಿ ತೋರಿಸುವ ಸಾಧನ) ಹಾಕಿ, ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೂಲೆಂಟ್ ಶಾಖ ಓದಿ. ಹೊರಗಿನ ಹವೆಯಷ್ಟೇ ತೋರಿಸಬೇಕು. ಬೆಂಗಳೂರಿನಲ್ಲಿ ಮೈನಸ್ 40 ತೋರಿಸಿದರೆ ಸೆನ್ಸರ್‌ನ ವೈರ್ ಕಡಿದಿದೆ, ಅಷ್ಟೇ.

ಅದೇ ಸ್ಕ್ಯಾನರ್‌ನಲ್ಲಿ ಫ್ಯುಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ) ಎಂಬ ಅಂಕಿ ಇದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಅದು ಮೈನಸ್ ಕಡೆ ಬಹಳ ಇಳಿದಿದ್ದರೆ, ಎಲ್ಲಿಂದಲೋ ಬೇಡದ ಪೆಟ್ರೋಲ್ ಬರುತ್ತಿದೆ ಎಂದು ಕಂಪ್ಯೂಟರ್ ಕಡಿಮೆ ಮಾಡುತ್ತಿದೆ. ಆಯಿಲ್‌ನಲ್ಲಿನ ಪೆಟ್ರೋಲ್ ಬಿಸಿಗೆ ಆವಿಯಾಗಿ ಬ್ರೀದರ್ ಪೈಪ್‌ನಿಂದ (ಆಯಿಲ್ ಚೇಂಬರಿನ ಆವಿ ಹೊರಡುವ ಪೈಪ್) ಇನ್‌ಟೇಕ್‌ಗೆ ಹೋಗುವುದೂ ಇದರಲ್ಲಿ ಸೇರುತ್ತದೆ. ಆ ಪೈಪ್ ಸ್ವಲ್ಪ ಹೊತ್ತು ಬಿಚ್ಚಿ, ಇನ್‌ಟೇಕ್ ಕಡೆಯ ತೂತು ಮುಚ್ಚಿದಾಗ ಅಂಕಿ ಸೊನ್ನೆಯ ಹತ್ತಿರ ಬಂದರೆ, ಪೆಟ್ರೋಲ್ ಬರುತ್ತಿರುವುದು ಆಯಿಲ್‌ನಿಂದಲೇ. ಎಂಜಿನ್‌ನಲ್ಲಿ ಏನೂ ಕೆಡದೆ ಆಯಿಲ್ ಮಾತ್ರ ಬೆರಕೆಯಾಗಿದ್ದಾಗ ಇದು ಬಹಳ ಉಪಯೋಗದ ಪರೀಕ್ಷೆ.

ಈಗಿನ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಕಾರುಗಳದು ಬೇರೆ ರಾಗ. ಪೆಟ್ರೋಲ್ ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಎಂಜಿನ್ ತಣ್ಣಗಿದ್ದರೆ ಸ್ವಲ್ಪ ಗೋಡೆಗೆ ತಾಗಿ ಇಳಿಯುವುದು ಅದರ ಹುಟ್ಟುಗುಣ. ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್‌ಗೆ ಈ ಕಾರಣಕ್ಕೆ 2018ರಲ್ಲಿ ಚೀನಾದಲ್ಲಿ ದೊಡ್ಡ ರಗಳೆಯಾಗಿ, ಕಂಪನಿ ಕಾರುಗಳನ್ನು ವಾಪಸ್ ಕರೆಸಿತು. ದೂರು ಹೆಚ್ಚಾಗಿ ಬಂದದ್ದು ಚಳಿ ಊರುಗಳಿಂದ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಆದರೆ ಮಗುವನ್ನು ಒಂದೂವರೆ ಕಿಲೋಮೀಟರ್ ದೂರದ ಸ್ಕೂಲಿಗೆ ಬಿಟ್ಟು ಬರುವ ಓಡಾಟ ಬೇಕಾದಷ್ಟಿದೆ. ಇಂಥ ಕಾರಿನಲ್ಲಿ ಸ್ವಲ್ಪ ವಾಸನೆ, ಸ್ವಲ್ಪ ಏರಿಕೆ ಕಂಡರೆ ಬಿಚ್ಚಲು ಹೋಗಬೇಡಿ. ಮೊದಲು ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಹೈವೇಯಲ್ಲಿ ಓಡಿಸಿ, ಮತ್ತೆ ಅಳೆಯಿರಿ. ಮೀಟರ್‌ನ ಮುಳ್ಳು ನಡುವೆ ಬಂದರೆ ಕೂಲೆಂಟ್ ಬಿಸಿಯಾಯಿತು ಎಂದಷ್ಟೇ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಮಟ್ಟ ಇಳಿದರೆ ಓಡಾಟದ ತಪ್ಪು. ಹೈವೇ ಓಟದಲ್ಲೂ ಏರಿದರೆ ಕ್ಯಾಮ್ ಓಡಿಸುವ ಹೈ ಪ್ರೆಶರ್ ಪಂಪ್‌ನ ಸೀಲ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು. ಅದು ಮನೆಯಲ್ಲಿ ಮುಟ್ಟುವ ಕೆಲಸವಲ್ಲ, ಅಲ್ಲಿನ ಒತ್ತಡ ಚರ್ಮ ಸೀಳುವಷ್ಟು.

ಹೈವೇ ಓಟದಿಂದ ಎಲ್ಲವೂ ಹಾರಿಹೋಗುವುದಿಲ್ಲ ಎಂಬುದೂ ನೆನಪಿರಲಿ. ಪೆಟ್ರೋಲ್ ಒಂದೇ ಬಿಸಿಗೆ ಕುದಿಯುವ ವಸ್ತುವಲ್ಲ. ಹಗುರ ಪಾಲು 40 ಡಿಗ್ರಿಯೊಳಗೇ ಹಾರಿದರೆ ಭಾರದ ಪಾಲಿಗೆ 200 ಡಿಗ್ರಿ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 (ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ) ಪೆಟ್ರೋಲ್‌ನ ಎಥೆನಾಲ್ 78 ಡಿಗ್ರಿಗೆ ಕುದಿಯುತ್ತದೆ. ಅದು ಬಿಸಿ ಆಯಿಲ್‌ನಿಂದ ಹೊರಟುಹೋಗುತ್ತದೆ. ಆದರೆ ಆವಿಯಾಗಲು ಪೆಟ್ರೋಲ್‌ಗಿಂತ ಜಾಸ್ತಿ ಶಾಖ ಕೇಳುವುದರಿಂದ ತಣ್ಣನೆ ಎಂಜಿನ್‌ನಲ್ಲಿ ಅದರದೂ ಕಿರಿಕಿರಿ ಇದ್ದೇ ಇದೆ. ಹಳೆಯ ಗಾಡಿಯ ರಬ್ಬರ್ ಪರದೆ, ಸೀಲ್‌ಗಳನ್ನು ಬದಲಿಸುವಾಗ ಎಥೆನಾಲ್ ತಾಳುವಂಥದ್ದೇ ಕೇಳಿ ತನ್ನಿ.

ಹೆಜ್ಜೆ 5: ಈಗ ಆಯಿಲ್ ಬದಲಿಸಿ

ದಾರಿ ಮುಚ್ಚಿದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ನಿಂತಿದ್ದರೆ ಕೀ ಆಫ್ ಇರಲಿ, ಪ್ಲಗ್ ಬಿಚ್ಚಿ, ತೂತಿಗೆ ಬಟ್ಟೆ ಅಡ್ಡ ಹಿಡಿದು ಕೈಯಿಂದ ಮೆಲ್ಲಗೆ ಕಿಕ್ಕರ್ ಒತ್ತಿ ಹೊರಹಾಕಿ. ಪ್ಲಗ್‌ನ ವೈರ್ ದೂರ ಇರಲಿ, ಅಲ್ಲಿ ಕಿಡಿ ಹಾರಕೂಡದು. ನಂತರ ಪ್ಲಗ್ ತೂತಿನಿಂದ ಒಂದು ಚಮಚ ಹೊಸ ಆಯಿಲ್ ಹಾಕಿ ನಿಧಾನ ತಿರುಗಿಸಿ. ತೊಳೆದುಹೋದ ಗೋಡೆಗೆ ಪಸೆ ಬರುತ್ತದೆ.

ಹಳೆ ಆಯಿಲ್ ಪೂರ್ತಿ ಇಳಿಸಿ, ಅಳೆದು ನೋಡಿ. 900 ಹಾಕಿದ್ದು 1,050 ಬಂದರೆ ಅದೂ ಒಂದು ಸಾಕ್ಷಿ. ಫಿಲ್ಟರ್ ಇದ್ದರೆ ಬದಲಿಸಿ. ಡೀಸೆಲ್ ಹಾಕಿ ಎಂಜಿನ್ ತೊಳೆಯೋಣ ಎನ್ನುವವರಿಗೆ ಕೈಮುಗಿದು ಬೇಡ ಎನ್ನಿ. ತೆಳುವಾದದ್ದು ಸೇರಿತು ಎಂಬ ಕಾಯಿಲೆಗೆ ಇನ್ನೊಂದು ತೆಳುವಾದದ್ದೇ ಮದ್ದೇ? ಸರಿಯಾದ ದರ್ಜೆಯ ಆಯಿಲ್, ಸರಿಯಾದ ಅಳತೆಗೆ. ಬೆರಕೆ ಜಾಸ್ತಿ ಇದ್ದಿದ್ದರೆ ಒಂದಿನ್ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ. ಮೂಲೆಗಳಲ್ಲಿ ಉಳಿದದ್ದೂ ಹೋಗುತ್ತದೆ.

ಇಳಿಸಿದ ಆಯಿಲನ್ನು ಚರಂಡಿಗೆ ಬಿಡಬೇಡಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಊರಲ್ಲಿ ಹಳೆ ಆಯಿಲನ್ನು ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ಇದೆ. ಇದು ಬೇಡ, ಬೆಂಕಿ ಬೇಗ ಹಿಡಿಯುತ್ತದೆ. ಕೊಡುವಾಗ ಪೆಟ್ರೋಲ್ ಸೇರಿದೆ ಎಂದು ಹೇಳಿಯೇ ಕೊಡಿ. ಅದಕ್ಕೂ ಮುಂಚೆ ಒಂದು ಸಣ್ಣ ಬಾಟಲಿಯಷ್ಟು ಎತ್ತಿಟ್ಟುಕೊಳ್ಳಿ.

ಹೊಸ ಆಯಿಲ್ ಹಾಕಿದ ದಿನ ಡಿಪ್‌ಸ್ಟಿಕ್‌ನ ಫೋಟೋ ತೆಗೆಯಿರಿ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಒಂದು ಸಲ, 100 ಕಿಲೋಮೀಟರ್‌ಗೆ ಒಂದು ಸಲ, 500ಕ್ಕೆ ಒಂದು ಸಲ ನೋಡಿ. ಕಾರ್ಬೊರೇಟರ್ ಬೈಕಾದರೆ ಒಂದು ರಾತ್ರಿ ಬೇಕೆಂದೇ ಕಾಕ್ ಆನ್ ಬಿಟ್ಟು, ಓವರ್‌ಫ್ಲೋ ಪೈಪ್‌ನ ಕೆಳಗೆ ಬಾಟಲಿ ಇಟ್ಟು, ಬಯಲಲ್ಲಿ ನಿಲ್ಲಿಸಿ ಪರೀಕ್ಷಿಸಿ. ನಾನು ಹೊಸ ಪಿನ್ ಹಾಕಿಸಿದ ಮೇಲೆ ಹಾಗೆ ಮಾಡಿದ್ದೆ. ಬೆಳಗ್ಗೆ ಬಾಟಲಿ ಒಣಗಿತ್ತು, ಡಿಪ್‌ಸ್ಟಿಕ್ ಹಿಂದಿನ ದಿನದ ಫೋಟೋದ ಗೆರೆಯಲ್ಲೇ ಇತ್ತು, ಕಿಕ್ಕರ್ ಪೂರ್ತಿ ಕೆಳಗೆ ಹೋಯಿತು.